ಹಾಡು ನಿಂತ ಮೇಲೆ ಶುರುವಾದ ಫಂಕ್

ಒಂದೇ ಹಾಡಿನ ಎರಡು ಅಳತೆಗಳಿಂದ ಮಾತು ಆರಂಭಿಸುತ್ತೇನೆ. 1979ರ ಆಗಸ್ಟ್ 24ರಂದು ಅಮೆರಿಕದಲ್ಲಿ ‘ಐ ವಾನಾ ಬಿ ಯುವರ್ ಲವರ್’ ಎಂಬ ಸಿಂಗಲ್, ಅಂದರೆ ಬಿಡಿ ಹಾಡಿನ ಸಣ್ಣ ರೆಕಾರ್ಡ್, ಬಿಡುಗಡೆಯಾಯಿತು. ಹಾಡಿದವನು ಮಿನಿಯಾಪೊಲಿಸ್ ನಗರದ 21 ವರ್ಷದ ಪ್ರಿನ್ಸ್ ರೋಜರ್ಸ್ ನೆಲ್ಸನ್, ರೆಕಾರ್ಡಿನ ಮೇಲೆ ಬರೀ ಪ್ರಿನ್ಸ್. ಸಣ್ಣ ರೆಕಾರ್ಡಿನಲ್ಲಿ ಹಾಡಿನ ಉದ್ದ 3 ನಿಮಿಷಕ್ಕೆ ತುಸು ಕಡಿಮೆ. ಅಕ್ಟೋಬರಿನಲ್ಲಿ ಬಂದ ಆಲ್ಬಮ್‌ನಲ್ಲಿ ಅದೇ ಹಾಡು 6 ನಿಮಿಷಕ್ಕೆ ತುಸು ಕಡಿಮೆ. ಅಂದರೆ ರೇಡಿಯೊಗೆ ಹೋಗುವಾಗ ಹೆಚ್ಚುಕಡಿಮೆ ಅರ್ಧ ಹಾಡಿಗೆ ಕತ್ತರಿ ಬಿದ್ದಿತ್ತು. ಆ ಅರ್ಧದಲ್ಲಿ ಮಾತೇ ಇಲ್ಲ, ಬರೀ ವಾದ್ಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಹುಡುಗನಿಗೆ ಹೆಸರು ತಂದದ್ದು ಉಳಿಸಿಕೊಂಡ ಅರ್ಧ, ಆತ ಯಾರು ಎಂಬುದನ್ನು ಹೇಳಿದ್ದು ಕತ್ತರಿಸಿದ ಅರ್ಧ.

ಇದನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಅಂಗಡಿಯೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ನಮಗೆ ಬೇಕಾದ ಹಾಡುಗಳನ್ನು ತುಂಬಿಸಿಕೊಡುತ್ತಿದ್ದರು. ಹಾಳೆಯಲ್ಲಿ ಪಟ್ಟಿ ಬರೆದುಕೊಟ್ಟು ವಾರ ಬಿಟ್ಟು ಹೋಗಬೇಕಾಗಿತ್ತು. ನನ್ನ ಕ್ಯಾಸೆಟ್ಟಿನಲ್ಲಿದ್ದದ್ದು ಗಿಡ್ಡ ರೂಪ. ಹತ್ತಾರು ವರ್ಷ ಆ ಹಾಡು ಅಷ್ಟೇ ಎಂದು ತಿಳಿದಿದ್ದೆ. ಇಂಪಾದ, ಲವಲವಿಕೆಯ ಪ್ರೇಮಗೀತೆ, ಮುಗಿಯಿತು. ಆಮೇಲೊಮ್ಮೆ ಸ್ನೇಹಿತರ ಮನೆಯಲ್ಲಿ ಆಲ್ಬಮ್ ಕೇಳುತ್ತಿದ್ದಾಗ, ನನ್ನ ಲೆಕ್ಕದಲ್ಲಿ ಹಾಡು ನಿಲ್ಲಬೇಕಾದ ಜಾಗದಲ್ಲಿ ಅದು ನಿಲ್ಲಲಿಲ್ಲ. ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟಲ್ಲಿ ಇನ್ನೊಂದು ಮೆಟ್ಟಿಲು ಸಿಕ್ಕಾಗ ಆಗುವಂತಹ ಗಾಬರಿ ಅದು.

ಫಂಕ್ ಎಂದರೇನು ಎಂಬುದನ್ನು ಪುಸ್ತಕದ ವ್ಯಾಖ್ಯೆಯಿಂದ ಹೇಳುವುದಕ್ಕಿಂತ ಕೈಯಲ್ಲಿ ಹಾಕಿ ತೋರಿಸುವುದು ಸುಲಭ. ಸಂಗೀತ ಕಲಿತವರು ಆದಿತಾಳದ ಲಘುವನ್ನು ಹಾಕಿ: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ನಾಲ್ಕು ಎಣಿಕೆ, ತಟ್ಟು ಮೊದಲನೆಯದಕ್ಕೆ. ಅಮೆರಿಕದ ರಾಕ್ ಸಂಗೀತದಲ್ಲೂ ಹಳೆಯ ರಿದಮ್ ಅಂಡ್ ಬ್ಲೂಸ್‌ನಲ್ಲೂ ಒತ್ತು ಬೀಳುತ್ತಿದ್ದದ್ದು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಿಗೆ. ಅಲ್ಲಿನ ಪ್ರೇಕ್ಷಕರು ಚಪ್ಪಾಳೆ ತಟ್ಟುವುದೂ ಅಲ್ಲೇ. ಗಾಯಕ ಜೇಮ್ಸ್ ಬ್ರೌನ್ 1965ರ ಸುಮಾರಿಗೆ ಆ ಭಾರವನ್ನು ಎತ್ತಿ ಮೊದಲನೆಯ ಎಣಿಕೆಯ ಮೇಲೆ ಇಟ್ಟರು. ಅವರ ತಂಡದವರ ಬಾಯಲ್ಲಿ ಅದಕ್ಕೆ ‘ದಿ ಒನ್’ ಎಂದೇ ಹೆಸರು. ಒಂದಕ್ಕೆ ಎಲ್ಲರೂ ಕೂಡುತ್ತಾರೆ. ಅಲ್ಲಿಂದ ಮುಂದಿನ ಒಂದರವರೆಗೆ ಗಿಟಾರಿನವರು, ಮಂದ್ರದ ಗಿಟಾರ್ ಆದ ಬೇಸ್‌ನವರು, ಕಹಳೆಯವರು ಎಲ್ಲರೂ ಪುಟ್ಟಪುಟ್ಟ ತುಣುಕುಗಳನ್ನು ಪರಸ್ಪರರ ಸಂದಿಯಲ್ಲಿ ಕೂರಿಸುತ್ತಾರೆ. ಯಾರೂ ಪೂರ್ತಿ ರಾಗ ನುಡಿಸುವುದಿಲ್ಲ, ಎಲ್ಲರ ಚೂರುಗಳೂ ಕೂಡಿದಾಗ ಒಂದು ಯಂತ್ರ ಓಡತೊಡಗುತ್ತದೆ. ಆ ಓಟಕ್ಕೆ ‘ಗ್ರೂವ್’ ಎನ್ನುತ್ತಾರೆ. ತಾಳದ ಮೊದಲ ಎಣಿಕೆಯಾದ ಸಮಕ್ಕೆ ಬಂದು ಕೂಡುವ ಸುಖ ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ಸಮ ಒಂದು ಯಾತ್ರೆಯ ಕೊನೆ, ಫಂಕ್‌ನಲ್ಲಿ ಅದು ಪ್ರತಿ ಎರಡು ಸೆಕೆಂಡಿಗೊಮ್ಮೆ ಬರುವ ಬಸ್ ನಿಲ್ದಾಣ.

ಇದು ಮೂಲತಃ ಗುಂಪಿನ ಸಂಗೀತ ಎಂಬುದನ್ನು ದಯವಿಟ್ಟು ನೆನಪಿಡಿ. ಜೇಮ್ಸ್ ಬ್ರೌನ್, ಸ್ಲೈ ಸ್ಟೋನ್, ಜಾರ್ಜ್ ಕ್ಲಿಂಟನ್ ಇವರ ವೇದಿಕೆಗಳ ಮೇಲೆ ಒಂದು ಮದುವೆ ಮನೆಯಷ್ಟು ಜನ ಇರುತ್ತಿದ್ದರು. ಆದ್ದರಿಂದ ನಮ್ಮ ಹಾಡಿನ ಎದುರು ನಿಂತಾಗ ಏಳಬೇಕಾದ ಪ್ರಶ್ನೆ ಇದು: ಹಲವರ ಮಾತುಕತೆಯಿಂದ ಹುಟ್ಟುವ ಸಂಗೀತವನ್ನು ಒಬ್ಬನೇ ಹುಡುಗ, ಒಂದು ಕೋಣೆಯಲ್ಲಿ ಕುಳಿತು, ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ ಹೇಗೆ ಮಾಡಿದ? ಮಾಡಬೇಕೆಂದು ಆತನಿಗೆ ಅನ್ನಿಸಿದ್ದಾದರೂ ಏಕೆ?

ಉತ್ತರದ ಒಂದು ಭಾಗ ಊರಿನಲ್ಲಿದೆ. ಮಿನಿಯಾಪೊಲಿಸ್ ಅಮೆರಿಕದ ಉತ್ತರದಂಚಿನ, ಚಳಿಗಾಲದಲ್ಲಿ ಹಿಮ ಹೊದ್ದು ಮಲಗುವ ನಗರ. 1970ರ ಜನಗಣತಿಯಂತೆ ಅಲ್ಲಿ ಕಪ್ಪು ಜನರು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಕಪ್ಪು ಸಂಗೀತ ಹಾಕುತ್ತಿದ್ದ ಕೆಯುಎಕ್ಸ್‌ಎಲ್ ಎಂಬ ದುರ್ಬಲ ಶಕ್ತಿಯ ರೇಡಿಯೊ ಕೇಂದ್ರಕ್ಕೆ ಹಗಲು ಹೊತ್ತಿನಲ್ಲಷ್ಟೇ ಪರವಾನಗಿ ಇತ್ತು. ಸೂರ್ಯ ಮುಳುಗಿದರೆ ಸೋಲ್ ಸಂಗೀತವೂ ಮುಳುಗಿತು! ರಾತ್ರಿ ಕೇಳಬೇಕೆಂದರೆ ಬಿಳಿಯರ ರಾಕ್ ಕೇಂದ್ರಗಳೇ ಗತಿ. ಕಪ್ಪು ಸಂಗೀತದ ತವರುಗಳಾದ ಡೆಟ್ರಾಯಿಟ್‌ನಲ್ಲೋ ಮೆಂಫಿಸ್‌ನಲ್ಲೋ ಹುಟ್ಟಿದ್ದರೆ ಈ ಹುಡುಗ ಒಂದು ಸಂಪ್ರದಾಯದ ಮಡಿಲಲ್ಲಿ ಬೆಳೆಯುತ್ತಿದ್ದ. ಇಲ್ಲಿ ಹಗಲಿಗೊಂದು, ರಾತ್ರಿಗೊಂದು ಸಂಗೀತ ಕೇಳಿ ಬೆಳೆದ.

ಮನೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ತಂದೆ ಜಾನ್ ಎಲ್. ನೆಲ್ಸನ್ ಜಾಝ್ ಪಿಯಾನೊ ವಾದಕರು. ವೇದಿಕೆಯಲ್ಲಿ ಪ್ರಿನ್ಸ್ ರೋಜರ್ಸ್ ಎಂಬ ಹೆಸರಿನಿಂದ ನುಡಿಸುತ್ತಿದ್ದರು, ಅದನ್ನೇ ಮಗನಿಗಿಟ್ಟರು. ತಾಯಿ ಮ್ಯಾಟಿ ಶಾ ಗಾಯಕಿ. ತಂದೆತಾಯಿ ಬೇರೆಯಾದರು. ಹುಡುಗ ಆ ಮನೆ ಈ ಮನೆ ಅಲೆದು ಕೊನೆಗೆ ಗೆಳೆಯ ಆಂದ್ರೆ ಸಿಮೋನ್‌ನ ಮನೆಯ ನೆಲಮಾಳಿಗೆಯಲ್ಲಿ ನೆಲೆಯಾದ. ಗೆಳೆಯನ ತಾಯಿ ಬರ್ನಡೆಟ್ ಆಂಡರ್ಸನ್ ತಮ್ಮ ಮಕ್ಕಳ ಜೊತೆಗೆ ಇವನಿಗೂ ಅನ್ನ ಹಾಕಿದರು. ಅದೇ ನೆಲಮಾಳಿಗೆಯಲ್ಲಿ ಹುಡುಗರ ತಂಡ ಅಭ್ಯಾಸ ಮಾಡುತ್ತಿತ್ತು. ತಂಡವಿದ್ದೂ ಎಲ್ಲ ವಾದ್ಯಗಳನ್ನೂ ತಾನೇ ಕಲಿತದ್ದೇಕೆ ಎಂದರೆ, ಮನೆ ಕೈಬಿಟ್ಟ ಮಗುವಿಗೆ ಯಾರನ್ನೂ ನಂಬಿ ಕೂರುವ ಧೈರ್ಯ ಬರುವುದಿಲ್ಲ ಎಂದು ಮನಶ್ಶಾಸ್ತ್ರ ಹೇಳುವವರಿದ್ದಾರೆ. ಇರಬಹುದು. ನನಗೆ ಅದಕ್ಕಿಂತ ಸರಳವಾದ ಕಾರಣವೂ ಕಾಣುತ್ತದೆ: ಆತನಿಗೆ ಬೇಕಾದ ಸಂಗೀತವನ್ನು ಆ ಊರಿನಲ್ಲಿ ಇನ್ನಾರೂ ಆವರೆಗೆ ಕೇಳಿರಲಿಲ್ಲ, ಕೇಳದವರಿಗೆ ವಿವರಿಸುವುದಕ್ಕಿಂತ ತಾನೇ ನುಡಿಸಿಬಿಡುವುದು ಬೇಗ.

1977ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಹುಡುಗ ಇನ್ನೂ ಚಿಕ್ಕವನೆಂದು ತೋರಿಸಲು ಆತನ ವಯಸ್ಸನ್ನು ಇಳಿಸಿ ಹೇಳಲಾಗಿತ್ತು. ಮೊದಲ ಆಲ್ಬಮ್ಮಿನ ನಿರ್ಮಾಣಕ್ಕೆ ಅರ್ತ್, ವಿಂಡ್ ಅಂಡ್ ಫೈರ್ ತಂಡದ ಮಾರಿಸ್ ವೈಟ್ ಅವರನ್ನು ಹಾಕೋಣ ಎಂದು ಕಂಪನಿ ಸೂಚಿಸಿತು. ಆಗ ಆ ಹೆಸರಿಗಿದ್ದ ತೂಕಕ್ಕೆ ಬೇರೆ ಯಾರಾದರೂ ಸಾಷ್ಟಾಂಗ ಬೀಳುತ್ತಿದ್ದರು. ಈತ ಬೇಡ ಎಂದ, ತಾನೇ ಮಾಡುತ್ತೇನೆಂದ. ಸ್ಟುಡಿಯೊ ಪರೀಕ್ಷೆಯ ಒಂದು ಕಥೆಯನ್ನು ಆತನ ಅಂದಿನ ಮ್ಯಾನೇಜರ್ ಓವೆನ್ ಹಸ್ನಿ ಹೇಳುತ್ತಾ ಬಂದಿದ್ದಾರೆ. ಹುಡುಗ ಒಂದೊಂದೇ ವಾದ್ಯ ನುಡಿಸಿ ಹಾಡು ಕಟ್ಟುತ್ತಿರುವಾಗ ಒಬ್ಬೊಬ್ಬರಾಗಿ ಒಳಗೆ ಬಂದು ನೋಡಿ ಹೋದವರು ಕಂಪನಿಯ ದೊಡ್ಡ ನಿರ್ಮಾಪಕರಂತೆ, ಹುಡುಗ ಅವರನ್ನು ಕಸ ಗುಡಿಸುವವರೆಂದು ತಿಳಿದಿದ್ದನಂತೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಫಲಿತಾಂಶ ಮಾತ್ರ ದಾಖಲೆಯಲ್ಲಿದೆ, ಅವನೇ ನಿರ್ಮಾಪಕನಾದ.

ಆ ಮೊದಲ ಆಲ್ಬಮ್ ‘ಫಾರ್ ಯು’ 1978ರ ಏಪ್ರಿಲ್‌ನಲ್ಲಿ ಬಂತು. ಅದರ ಹೊದಿಕೆಯಲ್ಲಿ ಪ್ರಿನ್ಸ್ ನುಡಿಸಿದ 27 ವಾದ್ಯಗಳ ಪಟ್ಟಿ ಇದೆ. ಪಟ್ಟಿಯನ್ನು ನಿಧಾನವಾಗಿ ಓದಿದರೆ ಕೊನೆಕೊನೆಗೆ ಕೈಚಪ್ಪಾಳೆ ಮತ್ತು ಬೆರಳ ಚಿಟಿಕೆಗಳೂ ಸಿಗುತ್ತವೆ. ಹತ್ತೊಂಬತ್ತರ ಹುಡುಗನ ಜಂಬವನ್ನು ಕ್ಷಮಿಸೋಣ. ಆದರೆ ಆ ಪಟ್ಟಿಯೇ ಆಲ್ಬಮ್ಮಿನ ರೋಗವನ್ನೂ ಹೇಳುತ್ತದೆ. ತನಗೆ ಬರುವುದನ್ನೆಲ್ಲ ತೋರಿಸುವ ಆತುರದಲ್ಲಿ ದನಿಯ ಮೇಲೆ ದನಿ, ತಂತಿಯ ಮೇಲೆ ತಂತಿ ಪೇರಿಸಿ, ಮೂರು ಆಲ್ಬಮ್‌ಗಳಿಗೆಂದು ಎತ್ತಿಟ್ಟ ಹಣದ ಬಹುಪಾಲನ್ನು ಒಂದಕ್ಕೇ ಸುರಿದುಬಿಟ್ಟ. ಸಿಂಗಲ್ ‘ಸಾಫ್ಟ್ ಅಂಡ್ ವೆಟ್’ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 92ನೇ ಸ್ಥಾನ ಮುಟ್ಟಿ ಇಳಿಯಿತು. 1979ರ ಜನವರಿಯಲ್ಲಿ ಮಿನಿಯಾಪೊಲಿಸ್‌ನ ಕ್ಯಾಪ್ರಿ ಥಿಯೇಟರಿನಲ್ಲಿ ಹೊಸ ತಂಡ ಕಟ್ಟಿಕೊಂಡು ವೇದಿಕೆ ಏರಿದಾಗ, ನೋಡಲು ಬಂದ ಕಂಪನಿಯವರು ಪ್ರವಾಸಕ್ಕೆ ಇವರಿನ್ನೂ ಸಿದ್ಧರಿಲ್ಲ ಎಂದು ತೀರ್ಮಾನಿಸಿ ವಾಪಸಾದರು. ಹಣ ಖಾಲಿ, ಹೆಸರು ಬರಲಿಲ್ಲ, ಪ್ರವಾಸವೂ ಇಲ್ಲ. ಈಗ ಬೇಕಾಗಿದ್ದದ್ದು ಒಂದು ಹಿಟ್.

ಆ ವರ್ಷದ ವಸಂತದಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿದ್ದ ಆಲ್ಫಾ ಸ್ಟುಡಿಯೊದಲ್ಲಿ, ಕೆಲವೇ ವಾರಗಳಲ್ಲಿ, ಮೊದಲಿನದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಎರಡನೆಯ ಆಲ್ಬಮ್ ಸಿದ್ಧವಾಯಿತು. ಈ ಸಲವೂ ನುಡಿಸಿದವನು ಅವನೇ. ಸಿಮೋನ್ ಮತ್ತು ಡ್ರಮ್ಮರ್ ಬಾಬಿ ಝಡ್ ಇಬ್ಬರಿಗೂ ಹೊದಿಕೆಯ ಮೇಲೆ ಸ್ವರ್ಗದಿಂದ ಬಂದ ಸಹಾಯಕರು ಎಂಬ ಬಿರುದು ಮಾತ್ರ. ಆದರೆ ಮೊದಲ ಹಾಡನ್ನು ಕೇಳುತ್ತಿದ್ದಂತೆಯೇ ಬದಲಾವಣೆ ಕಿವಿಗೆ ಬೀಳುತ್ತದೆ. ಪೇರಿಕೆ ಹೋಗಿದೆ, ಜಾಗ ಬಂದಿದೆ. ಡ್ರಮ್ಸ್ ನೇರ, ಬೇಸ್ ಅದರ ಬೆನ್ನಿಗೆ. ಗಿಟಾರ್ ಸ್ವರ ಹಿಡಿದು ಎಳೆಯುವುದಿಲ್ಲ. ಎಡಗೈಯಿಂದ ತಂತಿಯನ್ನು ಅದುಮಿ ಬಲಗೈಯಿಂದ ಕೆರೆಯುವ ಆ ಒಣ ಸದ್ದು ಅದು, ಅಮೆರಿಕದವರು ಕೋಳಿ ಕೆದರುವುದಕ್ಕೆ ಹೋಲಿಸುವ ನುಡಿಸಾಣಿಕೆ. ಹಳೆಯ ಫಂಕ್ ತಂಡಗಳಲ್ಲಿ ಕಹಳೆ, ಸ್ಯಾಕ್ಸೊಫೋನ್‌ಗಳು ಚಾಟಿಯಂತೆ ಹೊಡೆಯುತ್ತಿದ್ದ ಜಾಗಗಳಲ್ಲಿ ಇಲ್ಲಿ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್ ಆದ ಸಿಂಥಸೈಜರ್ ಬರುತ್ತದೆ. ಕಹಳೆಯವರನ್ನು ಕರೆಸಿದ್ದರೆ ಇನ್ನೂ ಮೂರು ಜನ ಕೋಣೆಯೊಳಗೆ ಬರಬೇಕಾಗುತ್ತಿತ್ತಲ್ಲ! ಒಂಟಿತನದ ಅನುಕೂಲಕ್ಕೆಂದು ಮಾಡಿಕೊಂಡ ಈ ಏರ್ಪಾಡೇ ಮುಂದೆ ‘ಮಿನಿಯಾಪೊಲಿಸ್ ಸೌಂಡ್’ ಎಂಬ ಹೆಸರು ಪಡೆದು ಒಂದು ದಶಕವನ್ನು ಆಳಿತು.

ಒಬ್ಬನೇ ತಂಡವಾಗುವ ಕೆಲಸ ಪ್ರಿನ್ಸ್‌ನಿಂದ ಶುರುವಾದದ್ದಲ್ಲ. 1972ರ ‘ಸೂಪರ್‌ಸ್ಟಿಷನ್’ನಲ್ಲಿ ಸ್ಟೀವಿ ವಂಡರ್ ಡ್ರಮ್ಸ್, ಕ್ಲಾವಿನೆಟ್ ಎಂಬ ಕೀಬೋರ್ಡ್, ಸಿಂಥಸೈಜರ್ ಬೇಸ್ ಮೂರನ್ನೂ ತಾವೇ ನುಡಿಸಿದ್ದರು. ಇದರ ಕಷ್ಟವನ್ನು ನಮ್ಮ ಕಛೇರಿಯ ಉದಾಹರಣೆಯಿಂದ ಊಹಿಸಿಕೊಳ್ಳಿ. ತನಿ ಆವರ್ತನದಲ್ಲಿ ಮೃದಂಗದವರು ಒಂದು ಸೊಲ್ಲು ಹೇಳುತ್ತಾರೆ, ಘಟದವರು ಉತ್ತರಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈಗ ಒಬ್ಬನೇ ಮೊದಲು ಮೃದಂಗವನ್ನು ಪೂರ್ತಿ ನುಡಿಸಿ, ಅದನ್ನು ಕಿವಿಗೆ ಹಾಕಿಕೊಂಡು ಘಟ ನುಡಿಸಬೇಕು, ಕೇಳುವವರಿಗೆ ಇಬ್ಬರು ಎದುರುಬದುರು ಕೂತಂತೆ ಅನ್ನಿಸಬೇಕು. ಮೊದಲ ವಾದ್ಯ ನುಡಿಸುವಾಗ, ಇನ್ನೂ ಹುಟ್ಟದ ಎರಡನೆಯ ವಾದ್ಯಕ್ಕೆ ಎಲ್ಲಿ ಜಾಗ ಬಿಡಬೇಕೆಂಬುದು ತಲೆಯೊಳಗೆ ಇರಬೇಕು. ಕೂದಲೆಳೆಯಷ್ಟು ತಡವಾಗಿ ಬೀಳುವ ಪೆಟ್ಟಿನ ಗುಟ್ಟು ಬೇಸ್‌ನವನಿಗೆ ಗೊತ್ತು, ಯಾಕೆಂದರೆ ಡ್ರಮ್ಸ್‌ನವನೂ ಅವನೇ. ಹಾಡಿಗೆಂದು ತೆಗೆದ ಪ್ರಚಾರ ಚಿತ್ರವನ್ನು ನೋಡಿ: ಹಿಂದೆ ಬರೀ ಕಪ್ಪು ಪರದೆ, ಡ್ರಮ್ಸ್‌ನ ಹಿಂದೆ ಅವನು, ಗಿಟಾರ್ ಹಿಡಿದು ಅವನು, ಕೀಬೋರ್ಡ್ ಮುಂದೆಯೂ ಅವನು. ಪ್ರಚಾರಕ್ಕಾಗಿ ಮಾಡಿದ್ದು ಹೌದು, ಆದರೆ ಅದರಲ್ಲಿ ಸುಳ್ಳಿಲ್ಲ.

ಇನ್ನು ದನಿ. ನಮ್ಮ ಸಂಗೀತದವರು ‘ಕಳ್ಳಶಾರೀರ’ ಎಂದು ಕೊಂಚ ಮೂಗು ಮುರಿದು ಹೇಳುವ ಮೇಲಿನ ಸ್ಥಾಯಿಯ ತೆಳುದನಿಯಲ್ಲಿ ಇಡೀ ಹಾಡು ಸಾಗುತ್ತದೆ. ಅಮೆರಿಕದ ಕಪ್ಪು ಸಂಗೀತದಲ್ಲಿ ಇದಕ್ಕೆ ಗೌರವದ ಪರಂಪರೆಯೇ ಇದೆ. ಹಾಡುವ ಹುಡುಗ ಹಣವಿಲ್ಲದವನು, ಪ್ರೀತಿ ಮಾತ್ರ ಇದೆ ಎನ್ನುವವನು. ಅಷ್ಟಕ್ಕೆ ನಿಂತಿದ್ದರೆ ಇದು ಸಾವಿರದಲ್ಲಿ ಒಂದು ಪ್ರೇಮಗೀತೆ. ಆದರೆ ಪಲ್ಲವಿ ಬರುತ್ತಿದ್ದಂತೆ ಆತ ಪ್ರಿಯಕರನಾಗುವುದಲ್ಲದೆ ಅವಳ ಅಣ್ಣನೂ ಆಗಬೇಕು, ತಾಯಿಯೂ ಆಗಬೇಕು, ಅಕ್ಕತಂಗಿಯೂ ಆಗಬೇಕು ಎನ್ನುತ್ತಾನೆ. ನೀನೇ ತಾಯಿ, ನೀನೇ ತಂದೆ, ನೀನೇ ಬಂಧು ಎಂದು ದೇವರನ್ನು ಕರೆಯುವ ಪದಗಳನ್ನು ಕೇಳಿ ಬೆಳೆದ ನಮಗೆ ಈ ಪಟ್ಟಿ ವಿಚಿತ್ರ ಅನ್ನಿಸದಿದ್ದರೂ, ಇಲ್ಲಿ ದಿಕ್ಕು ತಿರುಗಿದೆ ಎಂಬುದನ್ನು ಗಮನಿಸಿ. ಎದುರಿನವರನ್ನು ಎಲ್ಲವೂ ಆಗು ಎನ್ನುತ್ತಿಲ್ಲ, ತಾನೇ ಎಲ್ಲವೂ ಆಗುತ್ತೇನೆ ಎನ್ನುತ್ತಿದ್ದಾನೆ. ಗಂಡಸುತನವನ್ನು ಸಾರಿ ಸಾರಿ ಹೇಳುತ್ತಿದ್ದ ಫಂಕ್ ಲೋಕದಲ್ಲಿ ಹೆಣ್ಣುದನಿಗೆ ಹತ್ತಿರದ ಕಂಠದಲ್ಲಿ ಈ ಮಾತು ಬಂದದ್ದು ಹೊಸದು. ಎಲ್ಲ ವಾದ್ಯಗಳನ್ನೂ ತಾನೇ ನುಡಿಸುವವನು ಎಲ್ಲ ಸಂಬಂಧಗಳನ್ನೂ ತಾನೇ ಆಗಲು ಹೊರಟಿದ್ದಾನೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಜೊತೆಗೆ ಒಂದು ತುಂಟತನವೂ ಇದೆ. ಪಲ್ಲವಿಯ ಒಂದು ಕ್ರಿಯಾಪದದ ಮೇಲೆ ಆತ ಅರೆಕ್ಷಣ ನಿಲ್ಲುತ್ತಾನೆ. ಕೇಳುವವರ ಮನಸ್ಸು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದ ಮೇಲೆ ಮುಂದಿನ ಪದ ಸೇರಿಸಿ ಅರ್ಥವನ್ನು ಸಭ್ಯಗೊಳಿಸುತ್ತಾನೆ. ರೇಡಿಯೊದವರು ಆಕ್ಷೇಪಿಸುವಂತೆಯೂ ಇಲ್ಲ, ಕೇಳಿಸಲಿಲ್ಲ ಎನ್ನುವಂತೆಯೂ ಇಲ್ಲ. ಹಾಡು ಹುಟ್ಟಿದ್ದು ಪಿಯಾನೊ ವಾದಕಿ ಪ್ಯಾಟ್ರಿಸ್ ರಶನ್ ಅವರ ಮೇಲಿನ ಮೋಹದಿಂದ ಎಂಬ ಮಾತು ಬಹುಕಾಲದಿಂದ ಇದೆ.

ಕಾಲವೂ ವಿಚಿತ್ರವಾಗಿತ್ತು. ಹಾಡು ಬರುವುದಕ್ಕೆ ಆರು ವಾರ ಮುಂಚೆ, ಜುಲೈ 12ರಂದು, ಷಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದ್ದರು. ಜನ ಮೈದಾನಕ್ಕೆ ನುಗ್ಗಿ ಆಟವೇ ನಿಂತುಹೋಯಿತು. ಅದರ ಹಿಂದೆ ಸಂಗೀತದ ಬೇಸರ ಎಷ್ಟಿತ್ತು, ಕಪ್ಪು ಜನರ ಮತ್ತು ಸಲಿಂಗಿಗಳ ಮೇಲಿನ ಅಸಹನೆ ಎಷ್ಟಿತ್ತು ಎಂಬ ಚರ್ಚೆ ಇಂದಿಗೂ ನಡೆದಿದೆ. ಕುಣಿತದ ಹಾಡುಗಳಿಂದ ರೇಡಿಯೊಗಳು ಹಿಂದೆ ಸರಿಯುತ್ತಿದ್ದ ಹೊತ್ತಿನಲ್ಲಿ ಈ ಹಾಡು ಕುಣಿತದ ನಡೆಯನ್ನು ಇಟ್ಟುಕೊಂಡು, ಡಿಸ್ಕೊದ ಗುರುತಾಗಿದ್ದ ಪಿಟೀಲುಗಳ ದಂಡನ್ನು ಹೊರಗಿಟ್ಟು ಬಂತು. ಅದು ತಂತ್ರವೋ ಅದೃಷ್ಟವೋ, ಕೆಲಸವಂತೂ ಆಯಿತು.

ಎಷ್ಟು ಆಯಿತು ಎಂಬುದಕ್ಕೆ ಎರಡು ಅಂಕಿ ಸಾಕು. ಡಿಸೆಂಬರಿನಲ್ಲಿ ಬಿಲ್‌ಬೋರ್ಡ್‌ನ ಸೋಲ್ ಪಟ್ಟಿಯಲ್ಲಿ, ಅಂದರೆ ಕಪ್ಪು ಸಂಗೀತದ ಪಟ್ಟಿಯಲ್ಲಿ, ಹಾಡು ಎರಡು ವಾರ 1ನೇ ಸ್ಥಾನದಲ್ಲಿತ್ತು. ಎಲ್ಲ ಬಗೆಯ ಹಾಡುಗಳೂ ಸೇರುವ ಮುಖ್ಯ ಪಟ್ಟಿಯಲ್ಲಿ 1980ರ ಜನವರಿಯ ಹೊತ್ತಿಗೆ 11ನೇ ಸ್ಥಾನದವರೆಗೆ ಏರಿತು. 1 ಮತ್ತು 11, ಇವೆರಡರ ನಡುವಿನ ಅಂತರವೇ ಆಗಿನ ಅಮೆರಿಕದ ಬಣ್ಣದ ಗಡಿ. ಕಪ್ಪು ಕಲಾವಿದರ ಹಾಡು ಮೊದಲು ಕಪ್ಪು ರೇಡಿಯೊಗಳಲ್ಲಿ ಗೆದ್ದು, ಆಮೇಲೆ ಆ ಬೇಲಿ ದಾಟಬೇಕಾಗಿತ್ತು. ತನ್ನನ್ನು ಕಪ್ಪು ಸಂಗೀತದ ವಿಭಾಗಕ್ಕೆ ಸೀಮಿತಗೊಳಿಸಬೇಡಿ ಎಂದು ಈ ಹುಡುಗ ಆರಂಭದಲ್ಲೇ ಕೇಳಿಕೊಂಡಿದ್ದನೆಂದು ಕಂಪನಿಯ ಲೆನ್ನಿ ವಾರೊಂಕರ್ ನೆನಪಿಸಿಕೊಂಡಿದ್ದಾರೆ. ಹಗಲಿನ ರೇಡಿಯೊ, ರಾತ್ರಿಯ ರೇಡಿಯೊ ಎರಡನ್ನೂ ಕೇಳಿ ಬೆಳೆದವನು ಇನ್ನೇನು ಕೇಳಿಯಾನು?

1980ರ ಜನವರಿ 26ರಂದು ಪ್ರಸಾರವಾದ ಟಿವಿ ಸಂಗೀತ ಕಾರ್ಯಕ್ರಮ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ದೃಶ್ಯ ಇಂದಿಗೂ ನೋಡಸಿಗುತ್ತದೆ. ಹದಿಹರೆಯದವರಿಗೆ ದಶಕಗಳಿಂದ ಹಾಡು ಪರಿಚಯಿಸುತ್ತಿದ್ದ ಡಿಕ್ ಕ್ಲಾರ್ಕ್ ಮೈಕ್ ಹಿಡಿದು ಬರುತ್ತಾರೆ. ಇಂಥ ಸಂಗೀತ ಮಿನಿಯಾಪೊಲಿಸ್‌ನಿಂದ ಬರುವಂಥದ್ದಲ್ಲವಲ್ಲ ಎಂದು ಅವರು ಮೆಚ್ಚುಗೆಯಿಂದಲೇ ಹೇಳುತ್ತಾರೆ. ಪ್ರಿನ್ಸ್, ಅಲ್ಲ ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಾನೆ. ಎಷ್ಟು ವಾದ್ಯ ನುಡಿಸುತ್ತೀ ಎಂದರೆ, ಸಾವಿರಾರು. ಹಳೆಯ ಒಂದು ಸಂಗತಿ ಎಷ್ಟು ವರ್ಷದ ಹಿಂದಿನದು ಎಂದು ಕೇಳಿದಾಗ ಬಾಯಿ ತೆರೆಯುವುದೇ ಇಲ್ಲ. ಕ್ಲಾರ್ಕ್ ಅವರ ಮುಖ ನೋಡುತ್ತಾ ನಿಧಾನವಾಗಿ ನಾಲ್ಕು ಬೆರಳು ಎತ್ತುತ್ತಾನೆ. ಜೀವನದ ಅತಿ ಕಷ್ಟದ ಸಂದರ್ಶನಗಳಲ್ಲಿ ಅದೂ ಒಂದು ಎಂದು ಕ್ಲಾರ್ಕ್ ಆಮೇಲೆ ಹೇಳಿದ್ದುಂಟು. ಸಂಕೋಚವೋ ಸೊಕ್ಕೋ ಎಂದು ಜನ ಈಗಲೂ ವಾದಿಸುತ್ತಾರೆ. ಮೌನವನ್ನು ಯಾವ ಎಣಿಕೆಗೆ ಇಡಬೇಕೆಂದು ಬಲ್ಲವನ ಕೆಲಸ ಅದು ಎಂದು ನನ್ನ ಅನಿಸಿಕೆ.

ಗೆದ್ದ ಸೂತ್ರವನ್ನೇ ಮತ್ತೆ ಮತ್ತೆ ಬಳಸಿ ಇನ್ನೆರಡು ವರ್ಷ ಸುಖವಾಗಿ ಕಳೆಯಬಹುದಿತ್ತು. ಬದಲಿಗೆ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ‘ಡರ್ಟಿ ಮೈಂಡ್’ ಆಲ್ಬಮ್ ಒರಟು, ಬೋಳು, ರೇಡಿಯೊಗಳು ಹಾಕಲು ಹೆದರುವಂಥ ಸಾಹಿತ್ಯದ್ದು. ವಿಮರ್ಶಕರು ಮೆಚ್ಚಿದರು, ಮಾರಾಟ ಇಳಿಯಿತು. ಮುಖ್ಯ ಪಟ್ಟಿಯಲ್ಲಿ 11ಕ್ಕಿಂತ ಮೇಲೆ ಆತ ಏರಿದ್ದು 1983ರಲ್ಲಿ, ‘ಲಿಟಲ್ ರೆಡ್ ಕಾರ್ವೆಟ್’ ಮೂಲಕ. ಆ ನಡುವಿನ ಮೂರು ವರ್ಷಗಳಲ್ಲಿ ಪ್ರಿನ್ಸ್ ಬೆಳೆಸಿದ್ದು, ನನ್ನ ಕಿವಿಗೆ, ಹಿಟ್ ಹಾಡಿನ ಮೊದಲರ್ಧವನ್ನಲ್ಲ. ಬೋಳಾದ ಡ್ರಮ್ಸ್, ಸಿಂಥಸೈಜರಿನ ಚಾಟಿ, ಮುಗಿಯಲೊಲ್ಲದ ಗ್ರೂವ್ ಇವೆಲ್ಲ ಕತ್ತರಿಗೆ ಸಿಕ್ಕ ಆ ಎರಡನೆಯ ಅರ್ಧದಲ್ಲಿ ಆಗಲೇ ಕೂತಿದ್ದವು.

ಆ ಅರ್ಧವನ್ನು ಈಗ ಕೇಳೋಣ. ಹಾಕುತ್ತಿರುವುದು ಆಲ್ಬಮ್ಮಿನ ಪೂರ್ತಿ ರೂಪ. 3ನೇ ನಿಮಿಷದ ಆಸುಪಾಸಿನಲ್ಲಿ ದನಿ ಹೋಗುತ್ತದೆ, ಹಾಡು ಮುಗಿದಂತೆ ಅನ್ನಿಸುತ್ತದೆ. ದಯವಿಟ್ಟು ಅಲ್ಲಿ ಚಪ್ಪಾಳೆ ತಟ್ಟಬೇಡಿ. ಲಘು ಹಾಕುತ್ತಾ ಕೂತಿರಿ, ತಟ್ಟು ಒಂದಕ್ಕೇ ಬೀಳಲಿ. ಮೊದಲ ಸಲ ಬೇಸ್ ಕೇಳಿ. ಆಮೇಲೆ ಗಿಟಾರ್ ಕೆರೆಯುವ ಸದ್ದನ್ನು ಮಾತ್ರ ಹಿಡಿಯಿರಿ. ಬೇಸ್‌ನವನೂ ಗಿಟಾರಿನವನೂ ಒಬ್ಬನೇ ಎಂಬುದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತೀರಿ ಎಂದು ನಾನು ನೋಡುತ್ತೇನೆ.